ದಿಂಬು ಮಾಮ ಬಿದ್ದ ಬೆಳಗು

ನಾರು ಹಾಕಿದರೆ ಹುಡುಗಿಯ ಮಂಡಿಗೆ ಏಟಾಗಬಹುದು. ಹಾಕದಿದ್ದರೆ? ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಕಳೆದ ಭಾನುವಾರ ಕಣ್ಣಾರೆ ನೋಡಿದ್ದಾಯಿತಲ್ಲ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಒಳಗೆ, ಕುಷನ್ ಅಂಗಡಿಯವರು ಹೊಟ್ಟೆ ಬಿಚ್ಚಿದ ದಿಂಬೊಂದರ ಮುಂದೆ ದಬ್ಬಣ ಹಿಡಿದು ಕುಳಿತಿದ್ದಾರೆ. ಎಡಕ್ಕೆ ಮೆತ್ತನೆಯ ಸ್ಪಂಜು, ಬಲಕ್ಕೆ ತೆಂಗಿನ ನಾರಿನ ಗಟ್ಟಿ ಹಾಳೆ. ಕೈ ಬಲಕ್ಕೆ ಹೋಗುತ್ತದೆ, ಮತ್ತೆ ತೊಡೆಯ ಮೇಲೆ ಬಂದು ಕೂರುತ್ತದೆ.

ಅದು ಮಲಗುವ ದಿಂಬಲ್ಲ. ಎದೆಯಿಂದ ತೊಡೆಯವರೆಗೆ ಬರುವಷ್ಟು ಉದ್ದ, ಹಿಂದೆ ಕೈ ತೂರಿಸಲು ಎರಡು ಪಟ್ಟಿ, ಮೇಲೆ ಬಸ್ಸಿನ ಸೀಟಿಗೆ ಹಾಕುವ ಕಪ್ಪು ರೆಕ್ಸಿನ್. ಊರಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಅಭ್ಯಾಸ ಮಾಡುವಾಗ ಇದನ್ನು ಹಿಡಿದು ಬುಟ್ಟಿಯ ಕೆಳಗೆ ನಿಲ್ಲುವುದು ಇವರ ಕೆಲಸ. ಚೆಂಡು ಹಿಡಿದವಳನ್ನು ತಳ್ಳಬೇಕು, ಅವಳ ಭುಜ ಮೊಣಕೈಗಳ ಏಟು ತಿನ್ನಬೇಕು. ಪಂದ್ಯದ ದಿನ ಎದುರಾಳಿಗಳು ಕೊಡುವ ಕಾಟವನ್ನೆಲ್ಲ ಅಭ್ಯಾಸದಲ್ಲಿ ಇವರೊಬ್ಬರೇ ಕೊಡಬೇಕು. ಹುಡುಗಿಯರು ಇವರನ್ನು ಕರೆಯುವುದು ದಿಂಬು ಮಾಮ ಎಂದು.

ಹತ್ತು ಹನ್ನೆರಡು ವರ್ಷಗಳ ಹಿಂದೆ ಹರಿದ ದಿಂಬನ್ನು ಹೊಲಿದು ಕೊಡಲು ಅಂಕಣಕ್ಕೆ ಹೋದವರು ಇವರು. "ಹೊಲಿಗೆ ಗಟ್ಟಿ ಇದೆಯಾ ನೋಡೋಣ, ಸ್ವಲ್ಪ ಹಿಡ್ಕೊಳ್ಳಿ ಅಂದ್ರು ಕೋಚ್ ಮೇಡಂ. ಹಿಡ್ಕೊಂಡೆ. ಇನ್ನೂ ಬಿಡಿ ಅಂದಿಲ್ಲ," ಎನ್ನುತ್ತಾರೆ. ವಾರಕ್ಕೆ ಆರು ಬೆಳಗು, ಬೆಳಗಿಗೆ ಕಡಿಮೆಯೆಂದರೂ ನೂರೈವತ್ತು ಏಟು. ಆಮೇಲೆ ಮುಖ ತೊಳೆದು ಅಂಗಡಿ. ಸಂಜೆಯವರೆಗೆ ಸೋಫಾ, ಕುರ್ಚಿ, ಬೈಕಿನ ಸೀಟು. ಎಡಗೈ ಈಗ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಅಟ್ಟದ ಮೇಲಿನ ಡಬ್ಬಿ ಬೇಕಾದರೆ ಹೆಂಡತಿಯೇ ಇಳಿಸಿಕೊಳ್ಳುತ್ತಾರೆ, ಬಾಯಿಯೂ ಸುಮ್ಮನಿರುವುದಿಲ್ಲ. "ದಿನಾ ಬೆಳಗೆದ್ದು ಹೆಣ್ಮಕ್ಕಳ ಕೈಲಿ ಒದೆ ತಿನ್ನೋಕೆ ಹೋಗೋ ಗಂಡಸು ಊರಲ್ಲಿ ಇವರೊಬ್ರೇ. ಅದೂ ಸ್ನಾನ ಮಾಡ್ಕೊಂಡು!"

ತಂಡದ ಆಟವೆಲ್ಲ ಇಬ್ಬರ ನಡುವೆ ಓಡಾಡುತ್ತದೆ. ಹೊರಗಿನಿಂದ ಚೆಂಡು ಕೊಡುವವಳು ಗಿಡ್ಡನೆಯ, ಸಿಡಿಯುವ ಸ್ವಭಾವದ ಹುಡುಗಿ, ಅಡ್ಡಹೆಸರು ಸಾಸಿವೆ. ಬುಟ್ಟಿಯ ಬಳಿ ನಿಂತು ಪಡೆಯುವವಳು ತಂಡಕ್ಕೆಲ್ಲ ಎತ್ತರದವಳು, ಏಣಿ. ಕಳೆದ ವರ್ಷ ಏಣಿಯ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಮನೆಯಲ್ಲಿದ್ದು ಮರಳಿದ ಮೊದಲ ದಿನ, ದಿಂಬು ಹತ್ತಿರ ಬರುತ್ತಿದ್ದಂತೆ ಅವಳು ಕಣ್ಣು ಮುಚ್ಚಿಕೊಂಡಳು. ದಿಂಬಿನ ಈಚೆ ನಿಂತಿದ್ದ ಅಂಗಡಿಯವರು ಅದನ್ನು ನೋಡಿದರು. ಅಂದೇ ಅಂಗಡಿಗೆ ಹೋದವರು ನಾರು ತೆಗೆದು ಸ್ಪಂಜು ತುಂಬಿದರು. ಯಾರೂ ಹಾಗೆ ಮಾಡಿ ಎಂದಿರಲಿಲ್ಲ.

ಆಮೇಲಿನ ಮೂರು ವಾರ ಅಭ್ಯಾಸ ನೋಡಲು ಎಷ್ಟು ಚೆಂದವಿತ್ತು! ಸಾಸಿವೆಯ ಪಾಸ್ ಒಳಗೆ, ಏಣಿಯ ಒಂದು ತಿರುವು, ಚೆಂಡು ಬುಟ್ಟಿಗೆ. ಮೇಡಂ ಚಪ್ಪಾಳೆ ತಟ್ಟಿದರು. ಭಾನುವಾರ ಮಾತ್ರ ಎದುರು ತಂಡದ ಗಟ್ಟಿಗಿತ್ತಿಯೊಬ್ಬಳು ಸೊಂಟ ಕೊಟ್ಟು ಒಮ್ಮೆ ನೂಕಿದ್ದೇ ಏಣಿ ತೂರಾಡಿಬಿಟ್ಟಳು. ಎರಡನೆಯ ಸಲ ಚೆಂಡೇ ಕೈಜಾರಿತು. ಆಮೇಲೆ ಬಂದ ಚೆಂಡನ್ನೆಲ್ಲ ಕೆಂಡ ಮುಟ್ಟಿದವಳಂತೆ ಹೊರಕ್ಕೆ ಎಸೆಯತೊಡಗಿದಳು. ಸೋತ ಮೇಲೆ ಮೇಡಂ ಸಿಟ್ಟೆಲ್ಲ ಸಾಸಿವೆಯ ಮೇಲೆ ತಿರುಗಿತು. "ತಡವಾಗಿ ಕೊಡ್ತೀಯ, ಅವಳು ಏನು ಮಾಡ್ಬೇಕು?" ಸಾಸಿವೆ ಜರ್ಸಿಯಲ್ಲಿ ಮೂಗು ಒರೆಸಿಕೊಂಡಳು. ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಂಗಡಿಯವರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಏಣಿಯನ್ನು ಮುಂದಿನ ಪಂದ್ಯಕ್ಕೆ ಇಳಿಸುವುದೋ ಬೇಡವೋ ಎಂಬುದು ಇಂದಿನ ಅಭ್ಯಾಸದಲ್ಲಿ ತೀರ್ಮಾನವಾಗಬೇಕು.

ಕೈ ಕೊನೆಗೂ ನಾರನ್ನೇ ಎತ್ತಿಕೊಳ್ಳುತ್ತದೆ. ಹೊಲಿಗೆ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಹಾಲಿನ ಗಾಡಿ ಹೋಗುತ್ತದೆ.

"ಏನ್ ಮಾಮ, ಇವತ್ತೂ ತೂಕಡಿಸ್ಕೊಂಡೇ ತಳ್ತೀರಾ?" ಅಂಕಣಕ್ಕೆ ಕಾಲಿಡುತ್ತಿದ್ದಂತೆ ಸಾಸಿವೆ ಕೆಣಕುತ್ತಾಳೆ.

"ನೀನು ಮೊದಲು ನಿನ್ನ ಚೆಂಡು ನೋಡ್ಕೊಳಮ್ಮ."

ಚೆಂಡು ನೆಲಕ್ಕೆ ತಟ್ಟಿ, ದಿಂಬಿನ ಅಂಚು ಸವರಿಕೊಂಡು ಏಣಿಯ ಕೈ ಸೇರುತ್ತದೆ. ಅಂಗಡಿಯವರು ಉಸಿರು ಬಿಗಿಹಿಡಿದು ತಳ್ಳುತ್ತಾರೆ. ಏಣಿ ಮುಗ್ಗರಿಸಿ ಅಂಗೈ ಊರಿ ಬೀಳುತ್ತಾಳೆ. ಚೆಂಡು ಗೆರೆಯಾಚೆ ಉರುಳುತ್ತದೆ.

"ತಲೆ ಕೆಟ್ಟಿದೆಯಾ ಮಾಮ? ಅವಳ ಮಂಡಿ ನೆನಪಿಲ್ವಾ?" ಸಾಸಿವೆ ಓಡಿ ಬರುತ್ತಾಳೆ. ಅಂಗಡಿಯವರು ನೋಡುವುದು ಏಣಿಯ ಮುಖವನ್ನಲ್ಲ, ಮಂಡಿಯನ್ನು. ಅದು ಮಡಚಿಕೊಳ್ಳುತ್ತದೆ, ನೇರವಾಗುತ್ತದೆ. ಏಣಿ ಎದ್ದು ನಿಲ್ಲುತ್ತಾಳೆ.

ಆಟ ಮತ್ತೆ ಶುರುವಾದರೂ ಚೆಂಡು ಒಳಗೆ ಬರುವುದಿಲ್ಲ, ಹೊರಗೆ ಹೊರಗೇ ಕೈಯಿಂದ ಕೈಗೆ ಸುತ್ತುತ್ತದೆ. ಮೇಡಂ ಸೀಟಿ ಊದುತ್ತಾರೆ. "ಒಳಗೆ ಕೊಡೇ!"

"ಕೊಡಲ್ಲ ಮೇಡಂ."

ಬುಟ್ಟಿಯ ಕೆಳಗಿನಿಂದ ಉದ್ದನೆಯ ಕೈಯೊಂದು ಮೇಲೇಳುತ್ತದೆ. "ಏಯ್ ಸಾಸಿವೆ, ಇಲ್ಲಿ ಕೊಡು. ನಾನೇನು ಗಾಜಿನ ಲೋಟಾನಾ?"

ಚೆಂಡು ಬರುತ್ತದೆ. ಅಂಗಡಿಯವರು ಮೈಭಾರವನ್ನೆಲ್ಲ ಹಾಕುತ್ತಾರೆ. ಈ ಸಲ ಕಣ್ಣು ಮುಚ್ಚುವುದಿಲ್ಲ ಹುಡುಗಿ. ಕಾಲು ಅಗಲಿಸಿ, ಸೊಂಟ ತಗ್ಗಿಸಿ, ಭುಜವನ್ನು ದಿಂಬಿನ ನಡುವಿಗೆ ಇಟ್ಟು ತಿರುಗುತ್ತಾಳೆ. ಚೆಂಡು ಬುಟ್ಟಿಗೆ, ಅಂಗಡಿಯವರು ನೆಲಕ್ಕೆ. ಎದೆಯ ಮೇಲೆ ದಿಂಬು, ಸುತ್ತ ನಗು. ಮುಂದಿನ ಸರದಿಯಲ್ಲಿ ಇನ್ನೊಬ್ಬಳೂ ಬಂದು ಅಡ್ಡ ನಿಂತಾಗ ಏಣಿ ಕಾಯುತ್ತಾಳೆ. ಸಾಸಿವೆ ಬುಟ್ಟಿಯ ಕೆಳಗೆ ನುಗ್ಗುವುದನ್ನು ನೋಡಿ ಅವಳ ಕೈಗೆ ಚೆಂಡು ಇಡುತ್ತಾಳೆ. ಭಾನುವಾರವೂ ಏಣಿ ಚೆಂಡು ಬಿಟ್ಟುಕೊಟ್ಟಿದ್ದಳು. ಅದು ಹೆದರಿ ಎಸೆದದ್ದು, ಇದು ನೋಡಿ ಕೊಟ್ಟದ್ದು.

"ನಾನು ಬಿದ್ದ ದಿನ ನನ್ನ ಕೆಲಸ ಆಯ್ತು ಅಂತ ಲೆಕ್ಕ," ಎನ್ನುತ್ತಾರೆ ಅಂಗಡಿಯವರು, ಬೆನ್ನು ಒತ್ತಿಕೊಳ್ಳುತ್ತ. "ಇನ್ನೊಂದಷ್ಟು ವರ್ಷ ಹೀಗೇ ಬೀಳ್ತಾ ಇದ್ರೆ ಸಾಕು."

"ಏಣಿ ಆಡ್ತಾಳೆ," ಎಂದು ಮೇಡಂ ಹೇಳಿಬಿಡುತ್ತಾರೆ. ಸಾಸಿವೆಯ ತಲೆಯ ಮೇಲೊಂದು ಮೊಟಕುತ್ತಾರೆ. "ನೋಡು, ಹೀಗೆ ಕೊಡ್ಬೇಕು ಪಾಸು."

"ಅವತ್ತೂ ಹೀಗೇ ಕೊಟ್ಟಿದ್ದೆ ಮೇಡಂ."

ಅಂಗಡಿಯವರು ಬಗ್ಗಿ ದಿಂಬಿನ ಪಟ್ಟಿ ಸರಿಮಾಡುತ್ತಾರೆ. ಏಣಿ ಬಂದು ದಿಂಬಿಗೆ ಮುಷ್ಟಿಯಿಂದ ಗುದ್ದಿ ನೋಡುತ್ತಾಳೆ. "ಮಾಮ, ಇದು ಮೊನ್ನೆವರೆಗೂ ಇಷ್ಟು ಗಟ್ಟಿ ಇರಲಿಲ್ಲ ಅಲ್ವಾ?"

"ಹೊಸ ಹೊಲಿಗೆ ಕಣಮ್ಮ. ಸ್ವಲ್ಪ ದಿನ ಬಿಗಿಯಾಗೇ ಇರುತ್ತೆ."

ಮೂರು ವಾರ ಅದರೊಳಗೆ ಇದ್ದದ್ದು ಸ್ಪಂಜು, ತಪ್ಪು ಸಾಸಿವೆಯ ಪಾಸಿನದಲ್ಲ ಎಂದು ಅವರು ಹೇಳಲೇ ಇಲ್ಲ.