ಕಣ್ಣು ಬರೆಯದ ಗೌರಿ

ಪತ್ರಿಕೆಯಲ್ಲಿ 'ಕಾಯ್ದೆ ಬರಲಿದೆ' ಎಂಬ ಸಾಲು ಕಂಡರೆ ಈಚೆಗೆ ನನಗೆ ಆಕಳಿಕೆ ಬರುತ್ತದೆ. ಕೊಪ್ಪಳದ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು ನಾನು. ಬರಲಿರುವ ಕಾಯ್ದೆಗಳನ್ನೂ ಯಲಬುರ್ಗಾದ ಬಸ್ಸನ್ನೂ ಒಂದೇ ತಾಳ್ಮೆಯಿಂದ ಕಾದಿದ್ದೇನೆ. ಬಸ್ಸು ಒಮ್ಮೊಮ್ಮೆ ಬಂದದ್ದುಂಟು.

ಮೊನ್ನೆಯ ಸುದ್ದಿ, ಯಂತ್ರಬುದ್ಧಿಗೂ ಅದನ್ನು ಸಾಕಿಕೊಂಡ ದೊಡ್ಡ ಕಂಪನಿಗಳಿಗೂ ರಾಜ್ಯ ಸರಕಾರ ಲಗಾಮು ಹಾಕಲಿದೆ ಎಂಬುದು. ಕರಡು ಸಿದ್ಧವಾಗುತ್ತಿದೆಯಂತೆ. ಹಿಂದಿನವರು ಆನೆಗೆ ಅಂಕುಶ, ಕುದುರೆಗೆ ಕಡಿವಾಣ ಎಂದರು, ಸರಿ. ಆದರೆ ಆನೆ ಎಲ್ಲಿ ನಿಂತಿದೆ ಎಂಬುದಾದರೂ ಅವರಿಗೆ ಗೊತ್ತಿತ್ತು.

ಓದಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಶಾಹಿನಾ ಬಂದಳು. ಕಿನ್ನಾಳದ ಮರದ ಗೊಂಬೆಗಳನ್ನು ಅಂಥದೇ ದೊಡ್ಡ ಕಂಪನಿಯೊಂದರ ಆನ್‌ಲೈನ್ ಅಂಗಡಿಯಲ್ಲಿಟ್ಟು, ಮೊಬೈಲಿನಲ್ಲೇ ಊರೂರಿಗೆ ಮಾರುವವಳು. ದಸರೆಯ ವ್ಯಾಪಾರದ ಮೇಲೆಯೇ ಅವಳ ಮನೆಯ ವರ್ಷ ನಡೆಯುತ್ತದೆ. ದಸರೆ ಹತ್ತಿರ ಬಂದಿತ್ತು, ಅಂಗಡಿ ಮುಚ್ಚಿತ್ತು.

"ಕಾಕಾ, ನಮ್ಮ ಗೊಂಬಿ ಕೆಟ್ಟಾವಂತ್ರಿ. ಮಷೀನು ಅಂಗಡಿ ಬಂದ್ ಮಾಡೇತಿ. ನೀವು ಕಚೇರ್ಯಾಗ ಇದ್ದೋರು, ಯಾರಿಗೆ ಹೇಳಬೇಕು ಹೇಳ್ರಿ."

ಗೊಂಬೆಗಳು ಕೆಟ್ಟಿರಲಿಲ್ಲ. ಅವಳಿಗೆ ಮಾಡಿಕೊಡುವ ಚಿತ್ರಗಾರ ಯಮನಪ್ಪ ಗೌರಿಗೆ ಸೀರೆ, ಮೂಗುತಿ ಎಲ್ಲ ಬರೆದು ಕಣ್ಣು ಮಾತ್ರ ಬಿಡುತ್ತಾನೆ. ಕೊಳ್ಳುವವರು ಗೊತ್ತಾದ ಮೇಲೆಯೇ ಕಣ್ಣು. ಕಣ್ಣು ತೆರೆದ ಗೌರಿಯನ್ನು ಮೂಲೆಯಲ್ಲಿ ಇಡಬಾರದು, ದೀಪ ಹಚ್ಚುವ ಮನೆ ಬೇಕು ಎಂಬುದು ಅವನ ಅಪ್ಪನಿಂದ ಬಂದ ರೂಢಿ. ಶಾಹಿನಾ ಹಾಗೆಯೇ ಫೋಟೊ ಹಾಕುತ್ತ ಬಂದಿದ್ದಳು. ಯಂತ್ರಕ್ಕೆ ಒಂದು ಬೆಳಿಗ್ಗೆ ಜ್ಞಾನೋದಯವಾಗಿ, ಇದು ದೋಷವುಳ್ಳ ಸರಕು ಎಂದು ತೀರ್ಪು ಕೊಟ್ಟಿತು.

ಇಬ್ಬರೂ ಕೂತು ಮೊಬೈಲಿನಲ್ಲೇ ದೂರು ಕೊಟ್ಟೆವು. 'ಮಾನ್ಯರೇ' ಎಂದು ಶುರುಮಾಡಿ, ಕಚೇರಿಯ ಗತ್ತನ್ನೆಲ್ಲ ಸುರಿದೆ. ಬೆರಳು ತೆಗೆಯುವುದರೊಳಗೆ ಉತ್ತರ ಬಂತು: ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ಮತ್ತೆ ಬರೆದೆವು, ಮತ್ತೆ ಅರ್ಥವಾಯಿತು. ಅಂಗಡಿ ಮಾತ್ರ ತೆರೆಯಲಿಲ್ಲ. ನೀವೇ ಹೇಳಿ, ನಮ್ಮ ಕಚೇರಿಗಳು ಜನರನ್ನು ಅಲೆಸಿದ್ದು ನಿಜ, ಆದರೆ ಬೈಯಲು ಎದುರಿಗೆ ಒಂದು ಮುಖವನ್ನಾದರೂ ಕೂರಿಸಿರಲಿಲ್ಲವೇ?

"ಕಾಯ್ದೆ ಬರತೈತವಾ," ಎಂದೆ. "ಆಮ್ಯಾಲ ಮಷೀನಲ್ಲ, ಮನುಷ್ಯಾರ ಉತ್ತರ ಕೊಡಬೇಕಾಗತೈತಿ."

"ದಸರಾಕ್ಕಿಂತ ಮೊದಲ ಬರತೈತೇನ್ರಿ?"

ನಾನು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟೆ.

ಕೊನೆಗೆ ಸೋತವನು ಯಮನಪ್ಪ. ಗಿರಾಕಿ ಇಲ್ಲದೆಯೇ ಒಂದು ಗೌರಿಗೆ ಕಣ್ಣು ಬರೆದು ತಂದ. "ಅದಕ್ಕ ತಿಳಿಯಂಗಿಲ್ಲ, ನಾವ ಬಗ್ಗೋಣು ಬಿಡ್ರಿ," ಎಂದ. ಆ ಫೋಟೊ ಹಾಕಿದ್ದೇ ತಡ, ಅಂಗಡಿ ತೆರೆಯಿತು. ಶಾಹಿನಾಳ ಮುಖ ಅರಳಿತು. ಯಮನಪ್ಪ ಮಾತ್ರ ನಗಲಿಲ್ಲ. ತಪ್ಪು ಮಾಡದವನೇ ತಿದ್ದಿಕೊಳ್ಳಬೇಕಾಯಿತಲ್ಲ ಎಂದು ನನಗೂ ಸಂಕಟವಾಯಿತು.

ಕಣ್ಣು ತೆರೆದ ಗೌರಿಗೆ ಮನೆ ಬೇಕಲ್ಲ. ಅವಳೀಗ ನಮ್ಮ ಪಡಸಾಲೆಯಲ್ಲಿದ್ದಾಳೆ. ನನ್ನ ಹೆಂಡತಿ ದಿನಾ ದೀಪ ಹಚ್ಚುತ್ತಾಳೆ, ನಾನು ಎದುರಿಗೆ ಕೂತು ಪತ್ರಿಕೆ ಓದುತ್ತೇನೆ. ಕರಡು ಇನ್ನೂ ಸಿದ್ಧವಾಗುತ್ತಲೇ ಇದೆ. ಅದಕ್ಕೂ ಸೀರೆ, ಮೂಗುತಿ ಎಲ್ಲ ಮುಗಿದು ಕಣ್ಣಷ್ಟೇ ಬಾಕಿ ಇರಬಹುದು. ರೂಢಿಯಂತೆ ಗಿರಾಕಿ ಬಂದ ಮೇಲೆ ಬರೆಯುತ್ತಾರೆ ಎಂದುಕೊಳ್ಳುತ್ತೇನೆ.

ಶಾಹಿನಾಳಂಥ ಗಿರಾಕಿ ಬಾಗಿಲಲ್ಲಿ ನಿಂತು ಬಹಳ ಹೊತ್ತಾಯಿತು.