ಒಂದು ವರ್ಷದ ಮಧ್ಯಾಹ್ನದೂಟ

ಆ ಕಾಲದಲ್ಲಿ ಕುವೈತಿನ ಪೇಟೆಯ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಶಟರ್ ಎಳೆದರೆ ಮತ್ತೆ ತೆರೆಯುತ್ತಿದ್ದದ್ದು ನಾಲ್ಕೂವರೆಗೆ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ನನ್ನ ಗಂಡ ಆ ಬಿಡುವಿನಲ್ಲಿ ರಿಗ್ಗೈಯ ನಮ್ಮ ಫ್ಲ್ಯಾಟಿಗೆ ಬಂದು, ಉಂಡು, ಒಂದು ಗಳಿಗೆ ಅಡ್ಡಾಗಿ, ಮತ್ತೆ ಓಡುತ್ತಿದ್ದರು. ರಾತ್ರಿ ಅವರು ಮನೆ ಸೇರುವಾಗ ಮಗಳಿಗೆ ಗಾಢ ನಿದ್ದೆ. ಅವಳದ್ದು ಶಾಲೆಯಲ್ಲಿ ಮಧ್ಯಾಹ್ನದ ಪಾಳಿ. ಅಪ್ಪ ಊಟಕ್ಕೆ ಬರುವ ಮೊದಲೇ ಅವಳ ಬಸ್ಸು ಹೋಗಿರುತ್ತಿತ್ತು, ಅವಳು ವಾಪಸಾಗುವಾಗ ಮುಸ್ಸಂಜೆಯ ಮಗ್ರಿಬಿನ ಬಾಂಗು ಕೇಳುತ್ತಿತ್ತು.

ಬೆಳಿಗ್ಗೆ ಎಬ್ಬಿಸಬಾರದಾ ಎಂದು ಕೇಳುವ ಜಾಣರಿದ್ದಾರೆ. ಎಬ್ಬಿಸಿ ನೋಡಿದ್ದೇವೆ. ಕಣ್ಣು ಮುಚ್ಚಿಕೊಂಡೇ ಅಳುವ ಮಗುವಿನ ಜೊತೆ ಯಾವ ಅಪ್ಪ ಮಾತಾಡಿಯಾನು? ಅವರು ಬಾಗಿಲಲ್ಲಿ ನಿಂತು ಅವಳನ್ನು ನೋಡಿ ಹೋಗುತ್ತಿದ್ದರು. ಒಂದೇ ಮನೆಯಲ್ಲಿದ್ದ ಮಗಳಿಗಾಗಿ ಅವರು ಹಂಬಲಿಸುತ್ತಿದ್ದರು. ಮೂವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದದ್ದು ಶುಕ್ರವಾರ ಒಂದೇ ದಿನ, ಅದೂ ಜುಮಾ ನಮಾಜು ಮುಗಿಸಿ ಅವರು ಬಂದ ಮೇಲೆ.

ಶಾಲೆ ಇದ್ದದ್ದು ಸಾಲ್ಮಿಯಾದಲ್ಲಿ. ಕಟ್ಟಡ ಚಿಕ್ಕದು, ಮಕ್ಕಳು ಜಾಸ್ತಿ, ಹಾಗಾಗಿ ಎರಡು ಪಾಳಿ. ಹತ್ತಿರದ ಮಕ್ಕಳಿಗೆ ಬೆಳಿಗ್ಗೆ, ದೂರದಿಂದ ಬಸ್ಸಿನಲ್ಲಿ ಬರುವ ನಮ್ಮಂಥವರ ಮಕ್ಕಳಿಗೆ ಮಧ್ಯಾಹ್ನ. ಇದು ಆಕಾಶದಿಂದ ಇಳಿದು ಬಂದ ನಿಯಮವೇನೋ ಎಂಬಂತೆ ಎಲ್ಲರೂ ಒಪ್ಪಿಕೊಂಡಿದ್ದೆವು. ಹೊಸದಾಗಿ ಬಂದ ಪ್ರಿನ್ಸಿಪಾಲ್ ಮೇಡಂ ಒಪ್ಪಲಿಲ್ಲ. ಇನ್ನು ಮುಂದೆ ಪ್ರತಿ ವರ್ಷ ಪಾಳಿ ಅದಲುಬದಲು, ಎಲ್ಲ ಮಕ್ಕಳಿಗೂ ಸಮಾನ ಅವಕಾಶ, ಪೋಷಕರು ಬಂದು ಅಭಿಪ್ರಾಯ ಹೇಳಿ ಎಂದು ಶುಕ್ರವಾರವೇ ಸಭೆ ಕರೆದರು. ಇದ್ದ ಒಂದು ಊಟವನ್ನೂ ಬಿಟ್ಟು, ಮಗಳನ್ನು ಪಕ್ಕದ ಮನೆಯಲ್ಲಿ ಕೂರಿಸಿ ನಾವಿಬ್ಬರೂ ಹೋದೆವು.

ನನ್ನ ಪಕ್ಕದ ಕುರ್ಚಿಯಲ್ಲಿದ್ದವರು ಮೈಸೂರು ಕಡೆಯವರು, ಎಂಜಿನಿಯರ್ ಒಬ್ಬರ ಹೆಂಡತಿ. ನಾನು ಮಂಗಳೂರು ಎಂದದ್ದೇ ತಡ, ಕನ್ನಡ ಸಿಕ್ಕಿತಲ್ಲ ಎಂದು ಸಂತೋಷಪಟ್ಟು ಪರ್ಸಿನಿಂದ ಚಾಕಲೇಟು ತೆಗೆದುಕೊಟ್ಟರು. ಆಮೇಲೆ ಮೈಕು ಹಿಡಿದು ಒಳ್ಳೆಯ ಇಂಗ್ಲಿಷಿನಲ್ಲಿ ಹೊಸ ನಿಯಮವನ್ನು ವಿರೋಧಿಸಿ, ಕೂತು, ನನಗೆ ಕನ್ನಡದಲ್ಲಿ ವಿವರಿಸಿದರು.

"ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಹೊತ್ತು ಮಕ್ಕಳ ಬ್ರೈನ್ ಫ್ರೆಶ್ ಆಗಿರತ್ತೆ. ಸಂಜೆ ಮ್ಯೂಸಿಕ್ಕು, ಟೆನಿಸ್ಸು ಎಲ್ಲಾ ಫಿಕ್ಸ್ ಆಗಿದೆ. ಈಗ ಶಿಫ್ಟ್ ಚೇಂಜ್ ಮಾಡಿದ್ರೆ ಪಾಪ, ಕಷ್ಟ ಆಗಲ್ವಾ?"

ಚಾಕಲೇಟು ಇನ್ನೂ ನನ್ನ ಬಾಯಲ್ಲಿತ್ತು. ಆದರೂ ಕೇಳಿದೆ: "ಅಲ್ಲ ಮೇಡಂ, ನಮ್ಮ ಮಕ್ಕಳದ್ದು ಬ್ರೈನ್ ಎಂತ, ಮಧ್ಯಾಹ್ನ ಫ್ರೆಶ್ ಆಗುವುದಾ?"

ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಸಭೆಯೂ ಮೀನು ಮಾರ್ಕೆಟಿನಂತಾಗಿತ್ತು. ಟ್ಯೂಷನ್ ಏನಾಗಬೇಕು ಎಂದೊಬ್ಬರು, ಬಿಸಿಲಲ್ಲಿ ಬಸ್ಸಿಗೆ ಕಾಯುವ ಮಕ್ಕಳ ಗತಿಯೇನು ಎಂದು ಇನ್ನೊಬ್ಬರು. ಆಡಳಿತ ಮಂಡಳಿಯ ಹಿರಿಯರೊಬ್ಬರು ಎದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇಬ್ಬರಿಗೂ ಹೌದೆಂದರು. ಆಗ, ಬ್ಯಾಂಕಿನಲ್ಲಿ ಟೋಕನ್ ಕೂಗಿದರೂ ನನ್ನನ್ನು ಮುಂದೆ ತಳ್ಳುವ ನನ್ನ ಗಂಡ, ಎದ್ದು ನಿಂತರು. ಅಂಗಡಿಯಲ್ಲಿ ಕಲಿತ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಮೇಡಂ, ಬ್ರೈನ್ ವಿಷಯ ನನಗೆ ಗೊತ್ತಿಲ್ಲ. ನನಗೆ ಮಗಳ ಜೊತೆ ಕೂತು ಅನ್ನ ತಿನ್ನಬೇಕು. ಒಂದು ವರ್ಷ ಸಿಕ್ಕಿದರೂ ಸಾಕು."

ಹಿಂದೆ ಯಾರೋ ನಕ್ಕರು. ಮುಂದಿದ್ದವರು ಯಾರೂ ನಗಲಿಲ್ಲ. ಮೈಸೂರಿನವರು ತಗ್ಗಿದ ದನಿಯಲ್ಲಿ, "ನಮ್ಮನೆಯವ್ರು ಎರಡೂವರೆಗೆಲ್ಲ ಆಫೀಸಿಂದ ಬಂದ್ಬಿಡ್ತಾರೆ. ದಿನಾ ಮಗನ ಜೊತೇನೇ ಊಟ. ಇದನ್ನ ನಾನು ಯೋಚ್ನೇನೇ ಮಾಡಿರ್ಲಿಲ್ಲ" ಎಂದರು. ಒಳ್ಳೆಯ ಹೆಂಗಸು. ಆದರೆ ಹೊಸ ನಿಯಮ ಬೇಕೆನ್ನುವವರು ಕೈ ಎತ್ತುವ ಹೊತ್ತಿಗೆ ಅವರ ಕೈ ಮಡಿಲಲ್ಲೇ ಇತ್ತು. ಅವರನ್ನು ದೂರುವುದಿಲ್ಲ, ಇದ್ದ ಊಟವನ್ನು ಬಿಟ್ಟುಕೊಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಅಂತೂ ದೂರದಿಂದ ಬಂದವರ ಕೈಗಳೇ ಹೆಚ್ಚಾಗಿ ನಿಯಮ ಗೆದ್ದಿತು.

ಆ ವರ್ಷದ ಮಧ್ಯಾಹ್ನಗಳು ಈಗಲೂ ನನಗೆ ಬೇಕು. ಮಗಳು ಯೂನಿಫಾರ್ಮ್ ಬದಲಿಸದೆ ಅಪ್ಪನಿಗೆ ಕಾಯುತ್ತಿದ್ದಳು. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಇಡುತ್ತಿದ್ದೆ. ಅವಳು ಶಾಲೆಯ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಸುರಿಯುತ್ತಿದ್ದಳು, ಅವರು ನಮ್ಮ ಬ್ಯಾರಿ ಭಾಷೆಯಲ್ಲಿ "ಹೌದಾ? ಮತ್ತೆ?" ಎನ್ನುತ್ತಿದ್ದರು. ಅರ್ಧ ಅವರಿಗೆ ತಿಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತು. ಊಟದ ನಂತರದ ನಿದ್ದೆಯನ್ನು ಪೂರ್ತಿ ಬಿಟ್ಟರು. ಬಟ್ಟೆಯ ಥಾನಿಗೆ ಒರಗಿ ತೂಕಡಿಸಿದರೆಂದು ಅಂಗಡಿಯಲ್ಲಿ ಬೈಸಿಕೊಂಡೂ ಬಂದರು. ನಾನು ಗೊಣಗಿದರೆ, "ನಿದ್ದೆ ಮುಂದಿನ ವರ್ಷ ಮಾಡ್ತೇನೆ ಮಾರಾಯ್ತಿ" ಎಂದರು.

ಮುಂದಿನ ವರ್ಷ ಬಂದೇ ಬಂತು. ನ್ಯಾಯವಾಗಿ ಸಿಕ್ಕಿದ್ದನ್ನು ನ್ಯಾಯವಾಗಿ ತಿರುಗಿ ಕೊಡಬೇಕಿತ್ತು. ತಕರಾರು ಮಾಡಲು ನಮಗೆ ಬಾಯಿ ಎಲ್ಲಿತ್ತು?

ಪಾಳಿ ಬದಲಾಗುವ ಮುಂಚಿನ ದಿನ, ಉಂಡ ತಟ್ಟೆಯ ಮುಂದೆ ಕೂತೇ ಮಗಳು ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ಉಪ್ಪ, ನಾಳೆಯಿಂದ ಬೆಳಿಗ್ಗೆ ಶಾಲೆ ಅವರಿಗೆ, ಮಧ್ಯಾಹ್ನ ನಮಗೆ. ಅದು ಫೇರ್. ಅಲ್ವಾ?"

"ಹೌದು ಮಗಳೇ."

"ಮತ್ತೆ ನಿಮ್ಮ ಅಂಗಡಿಯದ್ದು? ಅಲ್ಲಿ ಯಾಕೆ ಬದಲು ಮಾಡುವುದಿಲ್ಲ? ಅಲ್ಲಿ ಮೀಟಿಂಗ್ ಕರೆಯುವುದಿಲ್ವಾ?"

ಅವರು ನಗಲು ಹೋದರು, ಆಗಲಿಲ್ಲ. ನನ್ನ ಮುಖ ನೋಡಿದರು. ನಾನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ. ಗಂಟೆ ನಾಲ್ಕಾಗುತ್ತಾ ಬಂದಿತ್ತು. ಅವರು ಎದ್ದು ಕೈ ತೊಳೆದು ಅಂಗಡಿಗೆ ಹೊರಟರು.