ಸಂಪಗಾಂವದ ಮನೆ ಮಾರುವ ಮೊದಲು

ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ. ಮೊನ್ನೆ ಅವಳೇ ಕೇಳಿದಳು: "ಆಯಿ, ಮನಿ ಮಾರೂ ಮೊದಲ ಏನ ರಿಪೇರಿ ಮಾಡಿಸಿದ್ರ ಹೆಚ್ಚ ರೇಟ ಬರತೈತಿ?" ಒಂದೇ ಬೆರಳಿನಿಂದ ಉತ್ತರ ಬರೆಯಲು ಕೂತೆ. ಇಷ್ಟುದ್ದ ಆಯಿತು.

ನನ್ನ ಅಪ್ಪನ ಅಕ್ಕನನ್ನು ಸಂಪಗಾಂವಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಅತ್ತೆಗೆ ಸವದತ್ತಿಯಲ್ಲಿದ್ದ ಮಗಳ ಹತ್ತಿರ ಹೋಗಿ ಇರುವ ಆಸೆ. ಮಗಳ ಓಣಿಯಲ್ಲೇ ಎರಡು ಖೋಲಿಯ ಮನೆಯೊಂದು ಮಾರಾಟಕ್ಕಿತ್ತು. ಸಂಪಗಾಂವದ ಮನೆ ಒಳ್ಳೆಯ ಬೆಲೆಗೆ ಹೋದರೆ ಅದು ಅವಳದು. ಇಲ್ಲವಾದರೆ ಅಳಿಯನ ಮನೆಯ ಒಂದು ಮೂಲೆಯೇ ಗತಿ.

"ಮಗಳ ಮನ್ಯಾಗ ನಾಕ ದಿನ ಬೀಗತಿ, ಐದನೇ ದಿನದಿಂದ ಕೆಲಸದಾಕಿ," ಅನ್ನುತ್ತಿದ್ದಳು.

ಹತ್ತೊಂಬತ್ತನೇ ಶತಮಾನದಲ್ಲಿ ಅತ್ತೆಯ ಮಾವನ ಅಜ್ಜ ಕಟ್ಟಿಸಿದ ಮನೆ ಅದು. ಕಲ್ಲುಮಣ್ಣಿನ ದಪ್ಪ ಗೋಡೆ, ಸಾಗವಾನಿ ಕಂಬ, ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿ, ನಮ್ಮ ಕಡೆ ಅದೇ ಮಾಳಿಗೆ. ಒಳಗೆ ಹಗಲಲ್ಲೂ ಚಿಮಣಿ ದೀಪ ಬೇಕು. ನೋಡಲು ಬಂದ ಬೈಲಹೊಂಗಲದ ದರ್ಜಿ ನಡುಮನೆಯಲ್ಲಿ ನಿಂತು ಕಣ್ಣುಜ್ಜಿಕೊಂಡ.

"ಮನಿ ಗಟ್ಟಿ ಐತ್ರಿ ಅಮ್ಮಾರ. ಆದ್ರ ಈ ಕತ್ತಲ್ಯಾಗ ಹೊಲಿಯಾಕ ಕುಂತ್ರ ಗಿರಾಕಿ ಅಂಗಿಗೆ ಮೂರ ತೋಳ ಆಗತಾವು."

ಅವನ ಹೆಂಡತಿ ನಕ್ಕಳು. ಇಬ್ಬರೂ ಹೊರಟುಹೋದರು. ಅತ್ತೆಯ ಮುಖ ಸಣ್ಣದಾಯಿತು.

ಸುದ್ದಿ ತಿಳಿದು ಅಪ್ಪ ಬಂದ, ಜೊತೆಗೆ ನಾನೂ. ಮುಂದಿನ ಗೋಡೆಗೆ ಸಿಮೆಂಟ್ ಹಚ್ಚಿಸಿ ನೀಲಿ ಬಣ್ಣ ಹೊಡಿಸೋಣ ಎಂದ. "ಅಕ್ಕಾ, ಮಾರಿ ಚಂದ ಇದ್ರ ಅರ್ಧಾ ಕೆಲಸ ಆಧಂಗ."

ನನಗೆ ಆಗಷ್ಟೇ ಮದುವೆಯಾಗಿತ್ತು, ನಾಲಿಗೆ ಮಾತ್ರ ತವರಿನದೇ. "ಮಾರಿ ಚಂದ ಐತಂತನ ನೀ ನನ್ನ ಗಂಡನ್ನ ಆರಿಸಿದಿ. ಒಳಗ ಎಷ್ಟ ಕತ್ತಲಿ ಐತಿ, ನನಗ ಗೊತ್ತೈತಿ," ಎಂದೆ. ಅತ್ತೆ ಬೆನ್ನಿಗೊಂದು ಕೊಟ್ಟಳು. ಕೊಟ್ಟು ತಾನೇ ನಕ್ಕಳು.

ಬಣ್ಣಕ್ಕಿಂತ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕಿತ್ತು. ಸೋರಬಾರದೆಂದು ಪ್ರತಿವರ್ಷ ಮಳೆಗಾಲದ ಮೊದಲು ಸವುಳು ಮಣ್ಣು ತಂದು ಹರಡಿ ತುಳಿಯುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಬೇಡವೆಂದರೂ ಅಪ್ಪನ ಹಿಂದೆ ನಾನೂ ಏಣಿ ಹತ್ತಿದೆ. ಅಂಚಿನ ಗಿಡ್ಡ ಗೋಡೆಯ ಮೇಲೆ ಕೂತರೆ ಮೊಣಕಾಲು ಗದ್ದಕ್ಕೆ ಬಡಿಯಿತು. ಮಣ್ಣು ಅಷ್ಟು ಎತ್ತರ ಏರಿತ್ತು.

ಅಪ್ಪ ನನ್ನ ಮೊಣಕಾಲನ್ನೇ ನೋಡುತ್ತ ನಿಂತ. "ಇನ್ನ ಹಾಕಿದ್ರ ತೊಲಿ ಮುರೀತಾವು. ಹಾಕೂದ ಬ್ಯಾಡ, ತಗಿಯೂದು."

ಆಳುಗಳು ಪದರ ಪದರವಾಗಿ ಕೆರೆದು ತೆಗೆದರು. ನಡುವೆ ಒಂದು ಕಡೆ ಗುದ್ದಲಿ ಠಣ್ ಎಂದಿತು. ಅಗಲವಾದ ಚಪ್ಪಡಿ. ಅಪ್ಪ ಹಾರೆ ಹಾಕಿ ಎತ್ತಿದ.

ಕೆಳಗಿನಿಂದ ಅತ್ತೆ ಚೀರಿದಳು. ಬಿದ್ದಳೋ ಏನೋ ಎಂದು ಏಣಿ ಇಳಿದು ಒಳಗೆ ಓಡಿದೆ. ಓಡಿದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಮಾಳಿಗೆಯಿಂದ ನೆಲದವರೆಗೆ ಬಿಸಿಲು ಕಂಬದ ಹಾಗೆ ನಿಂತಿತ್ತು. ಅದರೊಳಗೆ ಧೂಳು ಬಂಗಾರದ ಹುಡಿಯಂತೆ ನಿಧಾನ ತಿರುಗುತ್ತಿತ್ತು. ಕರೀ ಕಂಬಗಳ ಮೇಲೆ, ಮಸಿಯ ಅಡಿಯಿಂದ, ಕೆತ್ತಿದ ಗಿಳಿಗಳು ಎದ್ದು ಕಾಣುತ್ತಿದ್ದವು. ಅತ್ತೆ ಆ ಬೆಳಕಿಗೆ ಕೈ ಒಡ್ಡಿ, ಹಿಂದೆ ಮುಂದೆ ಹೊರಳಿಸಿ ನೋಡಿಕೊಳ್ಳುತ್ತಿದ್ದಳು.

"ನಾ ಲಗ್ನಾಗಿ ಬಂದಾಗೂ ಇದು ಮುಚ್ಚೇ ಇತ್ತಲ್ಲೇ," ಎಂದಳು. "ಗಿಳಿ ಅದಾವಂತ ಯಾರೂ ಹೇಳಲೇ ಇಲ್ಲ."

ಹಿರಿಯರು ಬಿಟ್ಟಿದ್ದ ಬೆಳಕಿಂಡಿ ಅದು. ಯಾವುದೋ ಜೋರು ಮಳೆಗೆ ಯಾರೋ ಕಲ್ಲು ಮುಚ್ಚಿದ್ದಾರೆ, ಮುಂದಿನ ವರ್ಷ ಕಲ್ಲಿನ ಮೇಲೂ ಮಣ್ಣು ಬಿದ್ದಿದೆ, ಕೆಳಗೆ ಹೊಗೆ ಹಿಡಿದು ಕಲ್ಲೂ ಹಲಗೆಯೂ ಒಂದೇ ಬಣ್ಣವಾಗಿದೆ. ಆಮೇಲೆ ಹುಟ್ಟಿದವರಿಗೆ ಗೊತ್ತಾಗುವುದಾದರೂ ಹೇಗೆ?

ಭಾರ ಇಳಿದ ಮನೆ ಮೈ ಸಡಿಲಿಸಿತ್ತು. ಹಿತ್ತಲ ಬಾಗಿಲನ್ನು ಅತ್ತೆ ಯಾವಾಗಲೂ ಭುಜ ಕೊಟ್ಟು ನೂಕುವವಳು. ಅಂದು ಸಂಜೆ ಹಾಗೆಯೇ ನೂಕಲು ಹೋಗಿ ಬಾಗಿಲಿನ ಜೊತೆ ತಾನೂ ಹೋದಳು. ನಾನು ನಗಲಿಲ್ಲ. ಬಾಗಿಲು ಸದ್ದಿಲ್ಲದೆ ತಿರುಗಿದ್ದು ನೋಡಿ ನನ್ನ ಮೈಮೇಲೆ ಮುಳ್ಳೆದ್ದಿದ್ದವು.

ಅಪ್ಪ ಮಾಳಿಗೆಯನ್ನು ತೆಳ್ಳಗೆ, ಬಿಗಿಯಾಗಿ ಮೆತ್ತಿಸಿ ಕಿಂಡಿಗೆ ಗಾಜು ಕೂಡಿಸಿದ. ನೀಲಿ ಬಣ್ಣದ ಮಾತು ಮತ್ತೆ ಎತ್ತಲಿಲ್ಲ. ದರ್ಜಿಗೆ ಇನ್ನೊಮ್ಮೆ ಬಂದು ನೋಡೆಂದು ಹೇಳಿಕಳಿಸಿದೆವು.

ದರ್ಜಿ ಬಂದವನೇ ಗೋಡೆ ತಟ್ಟುತ್ತ ಬೆಲೆ ಇಳಿಸಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಬಿಸಿಲು ಬಿದ್ದಲ್ಲಿ ಕಾಲು ಮಡಚಿ ಕೂತಿದ್ದಳು. ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದು ಒಂದೇ ಸಲಕ್ಕೆ ದಾರ ಪೋಣಿಸಿದಳು.

"ಏನ್ರೀ, ನನ್ನ ಮಶೀನ ಇಲ್ಲೇ. ನೀವ ಬೇಕಾರ ಹೊರಗ ಕಟ್ಟಿಮ್ಯಾಲ ಕುಂಡ್ರಿ."

ದರ್ಜಿ ಗೋಡೆ ತಟ್ಟುವುದನ್ನು ಬಿಟ್ಟ. ಅತ್ತೆ ಹೇಳಿದ ಬೆಲೆಯೇ ನಿಂತಿತು.

ಸವದತ್ತಿಯಲ್ಲಿ ಕೊಂಡ ಎರಡು ಖೋಲಿಯ ಮನೆಗೆ ಅತ್ತೆ ಹೋದ ದಿನ ಅಳಿಯ ಬಾಗಿಲಿಗೆ ಬಂದು, "ಅತ್ಯಾರ, ಇಲ್ಲಿ ಒಬ್ರ ಯಾಕ ಇರತೀರಿ? ನಮ್ಮ ಮನಿಗೇ ಬರ್ರಿ," ಎಂದ.

ಅತ್ತೆ ಹೊಸ್ತಿಲ ಒಳಗೆ ನಿಂತು ಸೆರಗು ಸರಿಮಾಡಿಕೊಂಡಳು. "ಮೊದಲ ನೀವ ಒಳಗ ಬರ್ರಿ. ಇವತ್ತ ಕರಿಯೂ ಪಾಳಿ ನಂದೈತಿ."